ಬಾಸ್ ಮೀನಿಗೆ ಸ್ಪಿನ್ನಿಂಗ್ ರೀಲ್ ಆಯ್ಕೆ ಮಾಡುವ ಬಗೆ

ಅಮೆರಿಕದ ಬಹುತೇಕ ರಾಜ್ಯಗಳ ಕೆರೆ, ಜಲಾಶಯ ಮತ್ತು ನಿಧಾನಗತಿಯ ಹೊಳೆಗಳಲ್ಲಿ ಲಾರ್ಜ್‌ಮೌತ್ ಬಾಸ್ ಸಿಗುತ್ತದೆ. ಉತ್ತರದ ತಣ್ಣನೆಯ, ಕಲ್ಲುತಳದ ತಿಳಿನೀರಿನಲ್ಲಿ ಅದರ ಸಂಬಂಧಿಯಾದ ಸ್ಮಾಲ್‌ಮೌತ್ ಬಾಸ್ ಹೆಚ್ಚು. ಟೆಕ್ಸಸ್, ಜಾರ್ಜಿಯಾ, ಮಿಷಿಗನ್ ಮುಂತಾದ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಗಾಳ ಹಿಡಿಯುವ ಆಸೆ ಹುಟ್ಟಿದವರು ರಾಜ್ಯದ ಲೈಸೆನ್ಸ್ ಮಾಡಿಸಿಕೊಂಡು ಅಂಗಡಿಗೆ ಹೋದಾಗ ಮೊದಲು ಎದುರಾಗುವುದು ರೀಲುಗಳ, ಅಂದರೆ ಕೋಲಿಗೆ ಕೂರಿಸಿ ದಾರ ಸುತ್ತುವ ಯಂತ್ರಗಳ, ಗೋಡೆ. ಪ್ರತಿ ಡಬ್ಬಿಯ ಮೇಲೂ ಹತ್ತಾರು ಅಂಕಿಗಳಿರುತ್ತವೆ, ಆದರೆ ಅವುಗಳಲ್ಲಿ ಬಾಸ್ ಹಿಡಿಯಲು ನಿಜವಾಗಿ ಲೆಕ್ಕಕ್ಕೆ ಬರುವವು ಎರಡೋ ಮೂರೋ ಮಾತ್ರ. ಉಳಿದುದನ್ನು ಕೈಯಿಂದ ಮುಟ್ಟಿ, ತಿರುಗಿಸಿ ತಿಳಿಯಬೇಕು.

ರೀಲಿಗಿಂತ ಮೊದಲು ನಿರ್ಧರಿಸಬೇಕಾದದ್ದು ಯಾವ ತೂಕದ ಲೂರ್ (ಮೀನನ್ನು ಸೆಳೆಯುವ ಕೃತಕ ಆಮಿಷ) ಎಸೆಯುತ್ತೀರಿ ಎಂಬುದನ್ನು. ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್, ಅಂದರೆ ದಾರ ಸುತ್ತಿದ ಉರುಳೆ, ತಿರುಗುವುದಿಲ್ಲ. ದಾರವು ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಸ್ಪೂಲನ್ನು ತಿರುಗಿಸುವ ಹೊರೆ ಇಲ್ಲದ ಕಾರಣ ಐದಾರು ಗ್ರಾಂ ತೂಕದ ಲೂರ್ ಕೂಡ ದೂರ ಹೋಗುತ್ತದೆ. ಬೇಟ್‌ಕಾಸ್ಟರ್ ರೀಲಿನಲ್ಲಿ ಹಾರುವ ಲೂರೇ ಸ್ಪೂಲನ್ನು ತಿರುಗಿಸಬೇಕಾಗುತ್ತದೆ, ಹಗುರವಾದದ್ದಕ್ಕೆ ಆ ಶಕ್ತಿ ಇರುವುದಿಲ್ಲ. ಆದ್ದರಿಂದ ಸುಮಾರು 10 ಗ್ರಾಂ ಒಳಗಿನ ಲೂರುಗಳಿಗೆ, ಅಂದರೆ ಡ್ರಾಪ್ ಶಾಟ್ (ಕೊಕ್ಕೆಯ ಕೆಳಗೆ ತೂಕ ತೂಗುವ ಕಟ್ಟು), ನೆಡ್ ರಿಗ್ (ಸಣ್ಣ ಜಿಗ್‌ಗೆ ಚುಚ್ಚಿದ ಮೃದು ಪ್ಲಾಸ್ಟಿಕ್ ತುಂಡು), ನಡುವಿಗೆ ಕೊಕ್ಕೆ ಚುಚ್ಚಿದ ಮೃದು ಪ್ಲಾಸ್ಟಿಕ್ ಹುಳು, ಸಣ್ಣ ಜಿಗ್ (ತೂಕದ ತಲೆಯಿರುವ ಕೊಕ್ಕೆ) ಇವುಗಳಿಗೆ, ಸ್ಪಿನ್ನಿಂಗ್ ರೀಲೇ ಸರಿ. ದಟ್ಟ ಜಲಸಸ್ಯಗಳ ನಡುವೆ ಕಪ್ಪೆಯಾಕಾರದ ಲೂರ್ ಎಳೆದು ಮೀನನ್ನು ಬಲವಂತವಾಗಿ ಹೊರಕ್ಕೆ ತರುವ ಉದ್ದೇಶವಿದ್ದರೆ ಈ ರೀಲ್ ಕೊಳ್ಳುವುದೇ ಬೇಡ.

ಗಾತ್ರದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ: ಬಾಸ್‌ಗೆ ರೀಲಿನ ಮೇಲೆ ಬರೆದ 2500 ಅಥವಾ 3000 ಎಂಬ ಗಾತ್ರದ ಸಂಖ್ಯೆ ಸಾಕು. 1000ದ ಸ್ಪೂಲ್ ಚಿಕ್ಕದಾಗಿರುವುದರಿಂದ ದಾರ ಬಿಗಿ ಸುರುಳಿಗಟ್ಟುತ್ತದೆ. 4000 ದಿನವಿಡೀ ಕೈಯಲ್ಲಿ ಹಿಡಿಯಲು ಭಾರವಾಗುತ್ತದೆ. ಆದರೆ ಈ ಅಂಕಿಗಳು ಎಲ್ಲ ಕಂಪನಿಗಳಿಗೂ ಸಮಾನವಾದ ಅಳತೆಯಲ್ಲ. ಶಿಮಾನೊ, ಡೈವಾ ಕಂಪನಿಗಳು ಸಾವಿರದ ಲೆಕ್ಕದಲ್ಲಿ ಬರೆದರೆ ಫ್ಲೂಗರ್ 30, 35 ಎಂದು ಬರೆಯುತ್ತದೆ; ಒಂದು ಕಂಪನಿಯ 2500 ಇನ್ನೊಂದರ 3000ದಷ್ಟಿರಬಹುದು, ಒಂದೇ ಕಂಪನಿಯಲ್ಲೂ 2500ರ ಮೈಗೆ ಆಳವಾದ ಸ್ಪೂಲ್ ಜೋಡಿಸಿ 3000 ಎಂದು ಮಾರುವುದುಂಟು. ಹೋಲಿಸುವುದಾದರೆ ತೂಕವನ್ನೂ ಸ್ಪೂಲಿನ ದಾರ ಹಿಡಿಯುವ ಸಾಮರ್ಥ್ಯವನ್ನೂ ಹೋಲಿಸಿ.

ದಾರದ ಬಗ್ಗೆ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಸ್ಪಿನ್ನಿಂಗ್ ರೀಲಿನ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ದಾರದ ದೂರುಗಳೇ. ನೈಲಾನ್ ಮತ್ತು ಫ್ಲೋರೋಕಾರ್ಬನ್ ದಾರಗಳು ಸ್ಪೂಲಿನ ಮೇಲೆ ಕುಳಿತ ಆಕಾರವನ್ನು ನೆನಪಿಟ್ಟುಕೊಂಡು ನೀರಿನ ಮೇಲೂ ಸ್ಪ್ರಿಂಗಿನಂತೆ ಸುತ್ತಿಕೊಳ್ಳುತ್ತವೆ. 10 ಅಥವಾ 15 ಪೌಂಡ್ ಎಳೆತ ತಾಳುವ ಬ್ರೇಡ್ (ಎಳೆಗಳನ್ನು ಹೆಣೆದ) ದಾರ ಸುತ್ತಿ, ತುದಿಗೆ 6ರಿಂದ 10 ಪೌಂಡಿನ ಫ್ಲೋರೋಕಾರ್ಬನ್ ದಾರವನ್ನು ಲೀಡರ್ ಆಗಿ ಕಟ್ಟುವುದು ಈಗ ವ್ಯಾಪಕವಾಗಿರುವ ಕ್ರಮ. ಹೀಗೆ ಮಾಡುವವರಿಗೆ ಆಳ ಕಡಿಮೆಯಿರುವ ಸ್ಪೂಲ್ ಅನುಕೂಲ, ಏಕೆಂದರೆ ತೆಳುವಾದ ಬ್ರೇಡ್‌ನಿಂದ ಆಳದ ಸ್ಪೂಲನ್ನು ತುಂಬಲು ದುಬಾರಿ ದಾರ ವ್ಯರ್ಥವಾಗಿ ತಳ ಸೇರುತ್ತದೆ. ಬ್ರೇಡ್ ನುಣುಪಾದ ಲೋಹದ ಮೇಲೆ ಇಡಿಯಾಗಿ ಜಾರುವ ಗುಣದ್ದು. ಸ್ಪೂಲಿನ ತಳದಲ್ಲಿ ರಬ್ಬರ್ ಪಟ್ಟಿ ಇದೆಯೇ ನೋಡಿ, ಇಲ್ಲದಿದ್ದರೆ ಮೊದಲು ಕೆಲವು ಮೀಟರ್ ನೈಲಾನ್ ಸುತ್ತಿ ಅದರ ಮೇಲೆ ಬ್ರೇಡ್ ಸುತ್ತಬೇಕು. ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೆ ನಿಲ್ಲಿಸಿ. ಇದಕ್ಕಿಂತ ಹೆಚ್ಚು ತುಂಬಿದರೆ ದಾರ ಗಂಟುಗಂಟಾಗಿ ಹೊರಬೀಳುತ್ತದೆ, ಕಡಿಮೆ ತುಂಬಿದರೆ ಎಸೆತದ ದೂರ ಕುಗ್ಗುತ್ತದೆ.

ಡಬ್ಬಿಯ ಮೇಲಿನ 5.2:1, 6.2:1 ಎಂಬ ಗೇರ್ ಅನುಪಾತವು ಹ್ಯಾಂಡಲ್ ಒಂದು ಸುತ್ತು ಬಂದಾಗ ದಾರ ಸುತ್ತುವ ಭಾಗ ಎಷ್ಟು ಸುತ್ತು ಬರುತ್ತದೆ ಎಂಬುದನ್ನು ಸೂಚಿಸುತ್ತದೆ. ಸ್ಪೂಲಿನ ವ್ಯಾಸ 45 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಸುಮಾರು 14 ಸೆಂ.ಮೀ. ದಾರ, 5.2ರ ರೀಲ್ ಹ್ಯಾಂಡಲಿನ ಒಂದು ಸುತ್ತಿಗೆ ಸುಮಾರು 73 ಸೆಂ.ಮೀ., 6.2ರದ್ದು ಸುಮಾರು 87 ಸೆಂ.ಮೀ. ಎಳೆಯುತ್ತದೆ. ಮೇಲೆ ಹೇಳಿದ ಲೂರುಗಳನ್ನು ಆಡಿಸುವುದು ಕೋಲಿನ ತುದಿ. ರೀಲಿನ ಕೆಲಸ ಸಡಿಲವಾದ ದಾರವನ್ನು ಎತ್ತಿಕೊಳ್ಳುವುದು ಮಾತ್ರ. ಕೊಕ್ಕೆ ಸಿಕ್ಕ ಬಾಸ್ ಒಮ್ಮೊಮ್ಮೆ ನೇರವಾಗಿ ನಿಮ್ಮ ಕಡೆಗೇ ಈಜಿ ಬಂದು ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ, ಆಗ ದಾರ ಸಡಿಲಾಗಿದ್ದರೆ ಕೊಕ್ಕೆ ಕಳಚಿತೆಂದೇ ಲೆಕ್ಕ. ಅದಕ್ಕಾಗಿ 6ರ ಆಸುಪಾಸಿನ ಅನುಪಾತವೇ ಲೇಸು.

ಡ್ರ್ಯಾಗ್ ಎಂದರೆ ಮೀನು ಬಲವಾಗಿ ಎಳೆದಾಗ ದಾರ ತುಂಡಾಗದಂತೆ ಸ್ಪೂಲ್ ಜಾರಿ ದಾರ ಬಿಟ್ಟುಕೊಡುವ ವ್ಯವಸ್ಥೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಕಾಣುವ 15 ಅಥವಾ 20 ಪೌಂಡಿನ ಗರಿಷ್ಠ ಡ್ರ್ಯಾಗ್ ನಿಮಗೆ ಎಂದೂ ಬೇಕಾಗುವುದಿಲ್ಲ. ಡ್ರ್ಯಾಗನ್ನು ದಾರದ ಶಕ್ತಿಯ ಕಾಲು ಭಾಗದಷ್ಟಕ್ಕೆ ಬಿಗಿ ಮಾಡುವುದು ರೂಢಿ. 8 ಪೌಂಡಿನ ಲೀಡರ್‌ಗೆ ಅದು 2 ಪೌಂಡ್, ಎಂದರೆ ಸುಮಾರು 900 ಗ್ರಾಂ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೈತಕ್ಕಡಿಯನ್ನು ದಾರಕ್ಕೆ ಸಿಕ್ಕಿಸಿ ಎಳೆದರೆ ಈ ಅಳತೆ ಸುಲಭವಾಗಿ ಸಿಗುತ್ತದೆ. ನೋಡಬೇಕಾದದ್ದು ಗರಿಷ್ಠ ಬಲವನ್ನಲ್ಲ, ಆರಂಭದ ನಯವನ್ನು: ನಿಂತಿದ್ದ ಸ್ಪೂಲ್ ಮೊದಲ ಬಾರಿ ಜಾರುವಾಗ ಅಂಟಿಕೊಂಡು ನಂತರ ಥಟ್ಟನೆ ಬಿಟ್ಟರೆ, ತೆಳು ಲೀಡರ್ ಆ ಕ್ಷಣದಲ್ಲೇ ತುಂಡಾಗುತ್ತದೆ. ತಿರುಪು ಸ್ಪೂಲಿನ ಮುಂಭಾಗದಲ್ಲಿರುವ ಡ್ರ್ಯಾಗ್ ಹಿಂಭಾಗದ್ದಕ್ಕಿಂತ ಸಾಮಾನ್ಯವಾಗಿ ಮೇಲು, ಅದರಲ್ಲಿ ದೊಡ್ಡ ವಾಷರುಗಳು ಹಿಡಿಸುತ್ತವೆ.

ಬೇರಿಂಗುಗಳ ಸಂಖ್ಯೆಯನ್ನು ನಂಬಬೇಡಿ. ಅಗ್ಗದ ಹತ್ತು ಬೇರಿಂಗುಗಳಿಗಿಂತ ಸರಿಯಾದ ಜಾಗದಲ್ಲಿರುವ ಒಳ್ಳೆಯ ಐದು ಬೇರಿಂಗುಗಳು ಮೇಲು. ಅವುಗಳಲ್ಲಿ ಒಂದು ಲೈನ್ ರೋಲರ್‌ನಲ್ಲಿ, ಅಂದರೆ ಬೇಲ್‌ನ (ದಾರವನ್ನು ಹಿಡಿದು ಸ್ಪೂಲಿಗೆ ಸುತ್ತುವ ತಂತಿಯ ಕಮಾನಿನ) ತುದಿಯಲ್ಲಿ ದಾರ ಹಾದುಹೋಗುವ ಪುಟ್ಟ ಗಾಲಿಯಲ್ಲಿ, ಇದ್ದರೆ ಒಳ್ಳೆಯದು; ಆ ಗಾಲಿ ತಿರುಗದೆ ನಿಂತರೆ ದಾರ ಹುರಿಗೊಳ್ಳುತ್ತದೆ.

ಅಂಗಡಿಯಲ್ಲಿ ರೀಲನ್ನು ಕೈಗೆ ಕೇಳಿ ಪಡೆಯಿರಿ. ಸಂಕೋಚ ಬೇಡ, ಅಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಹ್ಯಾಂಡಲನ್ನು ಬಹಳ ನಿಧಾನವಾಗಿ ತಿರುಗಿಸಿ. ವೇಗವಾಗಿ ತಿರುಗಿಸಿದರೆ ಎಲ್ಲ ರೀಲುಗಳೂ ನಯವಾಗಿಯೇ ಕಾಣುತ್ತವೆ, ನಿಧಾನದಲ್ಲಿ ಮಾತ್ರ ಗೇರಿನ ಹಲ್ಲುಗಳ ಒರಟುತನ ಬೆರಳಿಗೆ ತಾಕುತ್ತದೆ. ತಿರುಗಿಸುತ್ತಲೇ ಥಟ್ಟನೆ ನಿಲ್ಲಿಸಿ ಹಿಂದಕ್ಕೆ ಒತ್ತಿ ನೋಡಿ: ಹ್ಯಾಂಡಲ್ ಹಿಂದಕ್ಕೆ ಸರಿಯದೆ ಅಲ್ಲೇ ನಿಲ್ಲಬೇಕು, ಏಕೆಂದರೆ ಅಲ್ಲಿ ಸಡಿಲವಿದ್ದರೆ ಕೊಕ್ಕೆ ಎಳೆದು ನಾಟಿಸುವ ಹೊತ್ತಿಗೂ ಅದೇ ಸಡಿಲ ಎದುರಾಗುತ್ತದೆ. ಹ್ಯಾಂಡಲ್ ಹಿಡಿದು ಆಚೀಚೆ ಅಲುಗಿಸಿ. ನೇರವಾಗಿ ಮುಖ್ಯ ಗೇರಿಗೇ ತಿರುಪಿನಂತೆ ಕೂರುವ ಹ್ಯಾಂಡಲುಗಳಲ್ಲಿ ಈ ಅಲುಗಾಟ ಕಡಿಮೆ. ಬಲಗೈ ಬಳಸುವವರು ಬಲಗೈಯಲ್ಲಿ ಕೋಲು ಹಿಡಿದು ಎಡಗೈಯಿಂದ ಸುತ್ತುವುದು ವಾಡಿಕೆ. ಹೆಚ್ಚಿನ ಸ್ಪಿನ್ನಿಂಗ್ ರೀಲುಗಳಲ್ಲಿ ಹ್ಯಾಂಡಲನ್ನು ಬೇಕಾದ ಬದಿಗೆ ಬದಲಿಸಬಹುದು. ಬೇಲನ್ನು ಕೈಯಿಂದಲೇ ತೆರೆದು ಮುಚ್ಚಿ, ಸದ್ದು ಗಟ್ಟಿಯಾಗಿ ಒಂದೇ ಬಾರಿ ಬರಬೇಕು. ನೀರಿನ ಬಳಿಯೂ ಎಸೆದ ನಂತರ ಹ್ಯಾಂಡಲ್ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿದರೆ ದಾರ ಹುರಿಗೊಳ್ಳುವುದು ಬಹಳ ಕಡಿಮೆಯಾಗುತ್ತದೆ. ನಿಮ್ಮದೇ ಕೋಲು ಜೊತೆಗಿದ್ದರೆ ರೀಲನ್ನು ಅದಕ್ಕೆ ಕೂರಿಸಿ, ರೀಲಿನ ಕಾಲಿನ ತುಸು ಮುಂದೆ ಒಂದೇ ಬೆರಳಿನ ಮೇಲೆ ಇಟ್ಟು ನೋಡಿ. ಮುಂದಕ್ಕೆ ವಾಲಿದರೆ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ಸುಮಾರು ಏಳು ಅಡಿಯ ಕೋಲಿಗೆ 200ರಿಂದ 250 ಗ್ರಾಂ ತೂಕದ ರೀಲ್ ಸಾಮಾನ್ಯವಾಗಿ ಹೊಂದುತ್ತದೆ. ಅತಿ ಹಗುರವಾದದ್ದೇ ಉತ್ತಮವೆಂಬುದು ಜಾಹೀರಾತಿನ ಮಾತು.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: 30 ಡಾಲರಿನ ಕೆಳಗೆ ನಯವಾದ ಡ್ರ್ಯಾಗ್ ಸಿಗುವುದು ಅಪರೂಪ, 60ರಿಂದ 100 ಡಾಲರಿನೊಳಗೆ ವರ್ಷಗಟ್ಟಲೆ ಬಾಳುವ ರೀಲ್ ಸಿಗುತ್ತದೆ, 200 ದಾಟಿದ ಮೇಲೆ ಸಿಗುವುದು ಹಗುರತನ ಮತ್ತು ನುಣುಪು, ಹೆಚ್ಚು ಮೀನಲ್ಲ. ಕೈಯಲ್ಲಿ ಹಣ ಮಿಕ್ಕಿದರೆ ಅದನ್ನು ಒಳ್ಳೆಯ ಕೋಲಿಗೆ ಹಾಕಿ, ಏಕೆಂದರೆ ಬಾಸ್ ಲೂರನ್ನು ಮೆಲ್ಲನೆ ಬಾಯಿಗೆ ತೆಗೆದುಕೊಂಡದ್ದು ಕೈಗೆ ತಿಳಿಯುವುದು ಕೋಲಿನಿಂದ. ಹಣ ಕೊಡುವ ಮುನ್ನ ಆ ಮಾದರಿಗೆ ಹೆಚ್ಚುವರಿ ಸ್ಪೂಲ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಒಂದರಲ್ಲಿ ಬ್ರೇಡ್, ಇನ್ನೊಂದರಲ್ಲಿ 6 ಪೌಂಡಿನ ಫ್ಲೋರೋಕಾರ್ಬನ್ ಸುತ್ತಿಟ್ಟುಕೊಂಡರೆ ನೀರು ಕದಡಿದ್ದರೂ ತಿಳಿಯಾಗಿದ್ದರೂ ಅದೇ ರೀಲಿನಲ್ಲಿ ಕೆಲಸ ನಡೆಯುತ್ತದೆ.