ಮೆಂತೆ ಮಡಿ, ಫರ್ಶಿ ಕಲ್ಲು ಮತ್ತು ಸಿಂಬಳದ ಹುಳು

ಮಳೆ ಹಿಡಿಯಿತೆಂದರೆ ನಮ್ಮ ಓಣಿಯ ಹೆಣ್ಣುಮಕ್ಕಳು ನನ್ನ ಹತ್ತಿರ ತರುವ ದೂರು ಒಂದೇ. "ಆಯಿ, ಸಂಜಿಗಿ ಛಂದ ಇದ್ದ ಮೆಂತೆ, ಮುಂಜಾನೆ ನೋಡಿದ್ರ ಬರೀ ಕಡ್ಡಿ ಉಳದಾವ ನೋಡ್ರಿ." ಗುಬ್ಬಿ ತಿಂದವು, ಇಲಿ ತಿಂದಿತು ಅಂತ ಯಾರ್ಯಾರ ಮೇಲೋ ಸಂಶಯ. ನಾನು ಕೇಳುವುದು ಇಷ್ಟೇ: ಮಡಿಯ ಪಕ್ಕ ಕಲ್ಲು ಏನಾದರೂ ಬಿದ್ದಿದೆಯಾ?

ಕಲಬುರಗಿಯ ಬಿಸಿಲು ಕಂಡವರಿಗೆ ಇಲ್ಲಿ ಸಿಂಬಳದ ಹುಳು ಇದೆ ಅಂದರೆ ನಗು ಬರಬಹುದು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿದು. ಬಸವನ ಹುಳುವಿಗಾದರೆ ಒಳಗೆ ಹೋಗಿ ಕೂರಲು ಚಿಪ್ಪಾದರೂ ಇದೆ, ಇದಕ್ಕೆ ಅದೂ ಇಲ್ಲ. ಆದರೆ ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದಲ್ಲ, ಆ ಬಿರುಕಿನಲ್ಲಿ ತೇವ ಸಿಗುವಷ್ಟು ಆಳಕ್ಕಿಳಿದು ಸುಮ್ನೆ ಬಿದ್ದಿರುತ್ತದೆ. ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಹಸಿದುಕೊಂಡು ಮೇಲೆ ಬರುತ್ತದೆ.

ಮೇಲೆ ಬಂದದ್ದಕ್ಕೆ ಮನೆ ಕೊಡುವವರು ನಾವೇ. ಹೋದ ವರ್ಷ ಶ್ರಾವಣದಲ್ಲಿ ನಮ್ಮ ಹಿತ್ತಲ ಬಟ್ಟೆ ಒಗೆಯುವ ಶಹಾಬಾದಿ ಫರ್ಶಿಯನ್ನು ಮಗನ ಕೈಯಲ್ಲಿ ಎತ್ತಿಸಿ ನೋಡಿದೆ. ಕೆಳಗೆ ಹನ್ನೊಂದು ಹುಳು! ಬೆರಳುದ್ದ, ಕಪ್ಪಗೆ, ಚಪ್ಪಟೆ, ನಡುಬೆನ್ನಿಗೆ ಒಂದು ತಿಳಿ ಗೆರೆ. ಮೂಲೆಯಲ್ಲಿ ನೆನೆಸಿಟ್ಟ ಸಾಬೂದಾಣಿಯಂಥ ತತ್ತಿಗಳ ಗೊಂಚಲು. ಈ ಜಾತಿಯಲ್ಲಿ ಗಂಡು ಹುಳು ಬೇರೆ, ಹೆಣ್ಣು ಹುಳು ಬೇರೆ ಅಂತಿಲ್ಲ. ದೊಡ್ಡದಾದ ಯಾವ ಹುಳುವಾದರೂ ತತ್ತಿ ಇಡಬಲ್ಲದು. ಹಾಗಾಗಿ ಸಿಕ್ಕ ತತ್ತಿಯನ್ನು ಅಲ್ಲೇ ಬಿಡಬೇಡಿ, ಕೆದರಿ ಬಿಸಿಲಿಗೆ ಹಾಕಿ.

ತಿನ್ನುವ ರೀತಿ ಗೊತ್ತಾದರೆ ಕಳ್ಳ ಯಾರು ಅಂತ ತಿಳಿಯುವುದು ಸುಲಭ. ಇದರ ನಾಲಿಗೆ ತುರಿಮಣೆ ಇದ್ದ ಹಾಗೆ. ಮೇಲೆಲ್ಲ ಸಾವಿರಾರು ಸಣ್ಣ ಹಲ್ಲು. ಎಲೆಯನ್ನು ಕಚ್ಚುವುದಿಲ್ಲ, ಕೆರೆಯುತ್ತದೆ. ಎಲೆಯಲ್ಲಿ ಅಡ್ಡಾದಿಡ್ಡಿ ತೂತು, ಎಳೇ ಸಸಿಯಾದರೆ ಬುಡಸಮೇತ ಖಾಲಿ. ಹಸಿರು ಕಂಬಳಿಹುಳು ತಿಂದಿದ್ದರೆ ಎಲೆಯ ಮೇಲೆ ಕಪ್ಪು ಹಿಕ್ಕೆ ಕಾಳು ಇರುತ್ತದೆ. ಇದು ತಿಂದಿದ್ದರೆ ಬೆಳ್ಳಿ ಗೆರೆಯಂತೆ ಒಣಗಿದ ಸಿಂಬಳ. ಮುಂಜಾನೆ ಬಿಸಿಲು ಓರೆಯಾಗಿ ಬಿದ್ದಾಗ ಬಗ್ಗಿ ನೋಡಿ, ಮಡಿಯಿಂದ ಕಲ್ಲಿನವರೆಗೆ ದಾರಿ ಬರೆದಿಟ್ಟಂತೆ ಕಾಣುತ್ತದೆ.

ಅದಕ್ಕೆ ಎಳೆಯದು, ಬಾಡಿದ್ದು, ಕೊಳೆತದ್ದು ಮೂರೂ ಇಷ್ಟ. ಚೆಂಡುಹೂವಿನ ಸಸಿ ಅಂದರೆ ಹಬ್ಬ. ಕೊಳೆತ ತರಗೆಲೆ, ಸಗಣಿ ಗೊಬ್ಬರ, ಅಣಬೆ, ಕಡೆಗೆ ಸತ್ತ ತನ್ನ ಜಾತಿಯ ಹುಳುವನ್ನೂ ಬಿಡುವುದಿಲ್ಲ. ಕೆಳಗಿನ ಜೋಡಿ ಕೊಂಬಿನಲ್ಲಿ ವಾಸನೆ ಹಿಡಿದು ಕತ್ತಲಲ್ಲಿ ಬರುತ್ತದೆ. ಅದರ ಈ ಚಪಲವನ್ನೇ ಹಿಡಿದುಕೊಳ್ಳಿ. ಸಂಜೆ ಮಡಿಯ ಪಕ್ಕ ಒದ್ದೆ ಗೋಣಿ ತಟ್ಟು ಹಾಸಿ, ಅದರ ಕೆಳಗೆ ಪಪ್ಪಾಯಿ ಸಿಪ್ಪೆಯೋ ಎಲೆಕೋಸಿನ ಹೊರಗಿನ ಎಲೆಯೋ ಇಡಿ. ಬೆಳಕು ಹರಿಯುತ್ತಲೇ ತಟ್ಟು ಎತ್ತಿದರೆ ಎಲ್ಲಾ ಅಲ್ಲೇ ಮಲಗಿರುತ್ತವೆ. ಹಳೇ ಚಮಚದಿಂದ ಎತ್ತಿ ಸೋಪಿನ ನೀರಿನ ಡಬ್ಬಿಗೆ ಹಾಕಿ. ಬಿಸಿಲೇರುವವರೆಗೆ ತಡ ಮಾಡಿದಿರೋ, ಜಾಗ ಬದಲಿಸಿಬಿಡುತ್ತವೆ. ಒಂದು ವಾರ ಬಿಡದೆ ಮಾಡಬೇಕು. ಬೀರು ತುಂಬಿದ ಬಟ್ಟಲು ಇಟ್ಟರೂ ಬರುತ್ತವಂತೆ, ಹುದುಗಿನ ವಾಸನೆಗೆ. ನಮ್ಮ ಮನೆಯಲ್ಲಿ ಅದನ್ನು ತರಲು ಹೇಳುವ ಧೈರ್ಯ ಯಾರಿಗಿದೆ ಹೇಳಿ!

ಉಪ್ಪಿನ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಹುಳು ಕಂಡ ಸಿಟ್ಟಿಗೆ ಒಂದು ಸಲ ಮಡಿಯ ಮೇಲೇ ಹರಳುಪ್ಪು ಎರಚಿದೆ. ಹುಳು ಸತ್ತವು, ನಿಜ. ರಾತ್ರಿ ಮಳೆಗೆ ಉಪ್ಪೆಲ್ಲ ಬೇರಿಗಿಳಿದು ಪಾಲಕವೂ ಮಲಗಿತು. ಆ ಮೂಲೆಯಲ್ಲಿ ಮತ್ತೆ ಹಸಿರು ಬರಲು ತುಂಬ ದಿನ ಹಿಡಿಯಿತು. ಒಲೆಯ ಬೂದಿ ಒಣಗಿರುವ ತನಕ ತಡೆಯುತ್ತದೆ, ನೆನೆದರೆ ಕೆಲಸ ಮುಗಿಯಿತು. ಮೊಟ್ಟೆ ಸಿಪ್ಪೆಯನ್ನು ಎಲ್ಲರೂ ಹೇಳುತ್ತಾರೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು 2018ರಲ್ಲಿ ಲೆಟ್ಯೂಸ್ ಗಿಡಗಳ ಸುತ್ತ ಮೊಟ್ಟೆ ಸಿಪ್ಪೆ, ತಾಮ್ರದ ಪಟ್ಟಿ ಎಲ್ಲಾ ಹಾಕಿ ನೋಡಿದರಂತೆ. ಹಾಕಿದ ಗಿಡಕ್ಕೂ ಹಾಕದ ಗಿಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಮೊಮ್ಮಗಳು ಇದನ್ನು ಓದಿ ಹೇಳಿದ ಮೇಲೆ ನಾನೂ ಸಿಪ್ಪೆ ಕುಟ್ಟುವುದು ಬಿಟ್ಟೆ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಮಾತ್ರ ಬೇಡ. ನಾಯಿ, ಬೆಕ್ಕು ತಿಂದರೆ ಅವುಗಳ ಜೀವಕ್ಕೇ ಕುತ್ತು.

ಎಲ್ಲಕ್ಕಿಂತ ಸುಲಭದ್ದು ನೀರಿನ ಹೊತ್ತು ಬದಲಿಸುವುದು. ಸಂಜೆ ಬದಲು ಮುಂಜಾನೆ ಹಾಕಿ. ರಾತ್ರಿಗೆ ಮೇಲ್ಮಣ್ಣು ಒಣಗಿದ್ದರೆ ಅದಕ್ಕೆ ಹರಿದಾಡುವುದು ಕಷ್ಟ. ಬಚ್ಚಲ ನೀರು ಮಡಿಯ ಅಂಚಿಗೆ ನಿಲ್ಲದಂತೆ ನೋಡಿಕೊಳ್ಳಿ.

ನಮ್ಮ ಕಡೆ ಜೋಳದ ರೊಟ್ಟಿ ಜೊತೆ ಹಸಿ ಮೆಂತೆ, ಈರುಳ್ಳಿ ತಪ್ಪಲು ಕಡಿಯುವ ರೂಢಿ ಇದೆ ಅಲ್ವಾ, ಅದಕ್ಕೇ ಇದನ್ನೂ ಹೇಳಬೇಕು. ಇಲಿಯ ಶ್ವಾಸಕೋಶದಲ್ಲಿರುವ ಒಂದು ಜಂತುವಿನ ಮರಿಗಳು ಈ ಹುಳುವಿನ ಮೈಯಲ್ಲಿ ಇರಬಹುದು. ಹಸಿಯಾಗಿ ನಮ್ಮ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಗೆ ಬಾವು ತರಬಲ್ಲವು. ಹುಳುವನ್ನು ಬರಿಗೈಲಿ ಮುಟ್ಟಬೇಡಿ, ಮುಟ್ಟಿದರೆ ಸೋಪು ಹಚ್ಚಿ ಕೈ ತೊಳೆಯಿರಿ. ಸೊಪ್ಪನ್ನು ಕಟ್ಟಿನ ಸಮೇತ ನೀರಿಗೆ ಅದ್ದಿ ತೆಗೆದರೆ ಸಾಲದು. ಕಟ್ಟು ಬಿಚ್ಚಿ, ಎಸಳು ಎಸಳಾಗಿ ಬಿಡಿಸಿ, ಹರಿಯುವ ನೀರಲ್ಲಿ ತೊಳೆಯಿರಿ. ಅಕ್ಕಿಕಾಳಿನಷ್ಟು ಮರಿ ಹುಳು ಎಲೆಯ ಮಡಿಕೆಯಲ್ಲೇ ಅಂಟಿಕೊಂಡಿರುತ್ತದೆ. ಮಳೆಗಾಲದಲ್ಲಂತೂ ನಾನು ಮೆಂತೆಯನ್ನು ಬೇಳೆಗೆ ಹಾಕಿ ಕುದಿಸಿಯೇ ಬಡಿಸುವುದು. ಮನೆಯವರು ಮುಖ ಸಿಂಡರಿಸುತ್ತಾರೆ, ದೀಪಾವಳಿವರೆಗೆ ತಡೆಯಿರಿ ಅಂತೇನೆ.