ಎಣಿಸುತ್ತ ಕೇಳಿದ ‘ಫುಲ್ ಹೌಸ್’

ಅಮೆರಿಕದ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಅವರ ‘ಫುಲ್ ಹೌಸ್’ ಆಲ್ಬಮ್ ನನ್ನ ಕೈಗೆ ಬಂದಾಗ ನಾನು ಗಿಟಾರ್ ಹಿಡಿದು ಎಂಟು ವರ್ಷಗಳಾಗಿದ್ದವು. ಅದಕ್ಕೂ ಮೊದಲು ಚಿಕ್ಕಂದಿನಲ್ಲಿ ಪಿಟೀಲಿನ ಪಾಠವೂ ಆಗಿತ್ತು. ಕಿವಿ ತಕ್ಕಮಟ್ಟಿಗೆ ಪಳಗಿದೆ ಎಂಬ ಹಮ್ಮು ನನಗಿತ್ತು. ಅದು ಇಳಿಯಲು ಒಂದು ವಾರ ಸಾಕಾಯಿತು. ಗಿಟಾರಿನ ನಾದ ಸೊಗಸಾಗಿದೆ ಎಂಬುದು ತಿಳಿಯುತ್ತಿತ್ತೇ ಹೊರತು, ಒಂಬತ್ತು ನಿಮಿಷ ದಾಟುವ ಒಂದು ರಚನೆಯೊಳಗೆ ನಾನು ಎಲ್ಲಿದ್ದೇನೆ, ಈಗ ಮುಗಿದದ್ದು ಏನು, ಮುಂದೆ ಬರುವುದು ಏನು ಎಂಬುದು ತಿಳಿಯುತ್ತಿರಲಿಲ್ಲ. ತಾಳ ಹಿಡಿಯಲು ಬಾರದವನು ರಾಗ ತಾನ ಪಲ್ಲವಿಗೆ ಕುಳಿತಂತೆ ಅಲ್ಲಲ್ಲಿ ತಲೆದೂಗುತ್ತಿದ್ದೆ, ಅಷ್ಟೆ.

ಆಲ್ಬಮ್ಮಿನ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇದು 1962ರ ಜೂನ್ 25ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ‘ಸುಬೊ’ ಎಂಬ ಕಾಫಿಹೌಸಿನಲ್ಲಿ ಕೇಳುಗರ ಎದುರು ಧ್ವನಿಮುದ್ರಣಗೊಂಡು, ರಿವರ್‌ಸೈಡ್ ಕಂಪನಿಯಿಂದ ಹೊರಬಂದದ್ದು. ನಿರ್ಮಾಪಕರು ಓರಿನ್ ಕೀಪ್‌ನ್ಯೂಸ್. ಗಿಟಾರಿನ ಜೊತೆಗೆ ಟೆನರ್ ಸ್ಯಾಕ್ಸೊಫೋನಿನಲ್ಲಿ ಜಾನಿ ಗ್ರಿಫಿನ್, ಪಿಯಾನೊದಲ್ಲಿ ವಿಂಟನ್ ಕೆಲ್ಲಿ, ಬೇಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್ ಇದ್ದರು. ಕೊನೆಯ ಮೂವರು ಆಗ ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ತಂಡದ ಬೆನ್ನೆಲುಬಾಗಿದ್ದವರು, ಅಂದರೆ ವರ್ಷಗಟ್ಟಲೆ ಒಟ್ಟಿಗೆ ನುಡಿಸಿ ಒಬ್ಬರ ಉಸಿರನ್ನು ಇನ್ನೊಬ್ಬರು ಬಲ್ಲವರು. ಹೆಸರನ್ನು ನಮ್ಮ ಚಿತ್ರಮಂದಿರಗಳ ‘ಹೌಸ್‌ಫುಲ್’ ಫಲಕದಂತೆ ಓದಿಕೊಂಡರೂ ಅಡ್ಡಿಯಿಲ್ಲ. ಇಸ್ಪೀಟಿನ ಪೋಕರ್ ಆಟದಲ್ಲಿ ಅದು ಐದು ಎಲೆಗಳ ಒಂದು ಒಳ್ಳೆಯ ಕೈಯ ಹೆಸರೂ ಹೌದು, ವೇದಿಕೆಯ ಮೇಲೂ ಇದ್ದವರು ಐವರೇ.

ನನಗೆ ದಾರಿ ತೆರೆದದ್ದು ಈ ಆಲ್ಬಮ್ಮಿನ ‘ಬ್ಲೂ ಎನ್ ಬೂಗಿ’. ಜಾಝ್ ತುತ್ತೂರಿ ವಾದಕ ಡಿಜ್ಜಿ ಗಿಲೆಸ್ಪಿಯವರ ಹೆಸರಿನೊಂದಿಗೆ ಬಂದ ಈ ರಚನೆ ಬಿ ಫ್ಲ್ಯಾಟ್ ಶ್ರುತಿಯಲ್ಲಿರುವ, ಹನ್ನೆರಡು ಬಾರ್‌ಗಳ ಬ್ಲೂಸ್, ಅಂದರೆ ಮತ್ತೆ ಮತ್ತೆ ಸುತ್ತುವ ಒಂದು ಚೌಕಟ್ಟು. ಬಾರ್ ಎಂದರೆ ಎಣಿಕೆಗಳ ಒಂದು ಗುಂಪು; ಒಂದು ಬಾರ್‌ಗೆ ನಾಲ್ಕು ಎಣಿಕೆಯಂತೆ ಒಂದು ಸುತ್ತಿಗೆ ನಲವತ್ತೆಂಟು ಎಣಿಕೆ. ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದಾಗ ನನಗೆ ಹೊಳೆದದ್ದೆಂದರೆ, ಇದು ಆದಿತಾಳದ ಸರಿಯಾಗಿ ಆರು ಆವರ್ತನ. ಪಿಟೀಲಿನ ಪಾಠದಲ್ಲಿ ಕಲಿತ ಕೈ ಮರೆತಿರಲಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಿ, ತೊಡೆಯ ಮೇಲೆ ತಾಳ ಹಾಕುತ್ತ ಕುಳಿತೆ. ಮೊದಲ ಎರಡು ಆವರ್ತನ ಷಡ್ಜದ ನೆಲೆ. ಮೂರನೆಯದರ ಆರಂಭದಲ್ಲಿ ನೆಲೆ ಮಧ್ಯಮಕ್ಕೆ ಸರಿಯುತ್ತದೆ. ನಾಲ್ಕನೆಯದರಲ್ಲಿ ಷಡ್ಜಕ್ಕೆ ಹಿಂದಿರುಗುತ್ತದೆ. ಐದನೆಯದು ರಿಷಭದಿಂದ ಪಂಚಮದತ್ತ ನಡೆಯುತ್ತದೆ. ಆರನೆಯದು ಮತ್ತೆ ಮನೆಗೆ ತರುತ್ತದೆ. ತಂಬೂರಿಯ ಕದಲದ ಆಧಾರಶ್ರುತಿಗೆ ಒಗ್ಗಿದ ನನ್ನ ಕಿವಿಗೆ ಇದೇ ದೊಡ್ಡ ತೊಡಕಾಗಿತ್ತು: ಇಲ್ಲಿ ತಾಳದ ಜೊತೆಗೆ ಕಾಲಡಿಯ ನೆಲವೂ ಸುತ್ತುತ್ತದೆ.

ಮೊದಲ ಹದಿನೈದು ದಿನ ನಾನು ಗಿಟಾರನ್ನು ಬೇಕೆಂದೇ ಕಡೆಗಣಿಸಿ ಚೇಂಬರ್ಸ್ ಅವರ ಬೇಸನ್ನು ಮಾತ್ರ ಹಿಂಬಾಲಿಸಿದೆ. ಎಣಿಕೆಗೊಂದು ಸ್ವರದಂತೆ ನಡೆಯುವ ಆ ಬೇಸನ್ನು ಗುನುಗಲು ಬಂದ ದಿನ, ಸುತ್ತು ಎಲ್ಲಿ ಮುಗಿಯಿತೆಂದು ಎಣಿಸದೆಯೂ ತಿಳಿಯತೊಡಗಿತು. ಆಮೇಲೆ ಒಂದು ಎರಡುಗೆರೆ ಪುಸ್ತಕದಲ್ಲಿ ಗಿಟಾರಿನ ಸೋಲೊ (ಒಬ್ಬರೇ ಮುಂದಾಗಿ ಕಲ್ಪಿಸಿ ನುಡಿಸುವ ಭಾಗ) ಸಾಗಿದಂತೆ ಸುತ್ತಿಗೊಂದು ಗೆರೆ ಎಳೆದು, ಅದರ ಎದುರು ಏನು ನಡೆಯಿತೆಂದು ಎರಡು ಮೂರು ಪದಗಳಲ್ಲಿ ಬರೆದೆ. ಹತ್ತಾರು ಸಲ ಕೇಳಿದ ಮೇಲೆ ಪುಟ ತುಂಬಿತು, ಮತ್ತು ಆ ಪುಟದಲ್ಲಿ ಸೋಲೊದ ಆಕಾರ ಕಂಡಿತು: ಮೊದಲು ಒಂಟಿ ಸ್ವರಗಳ ಸಾಲುಗಳು, ಆಮೇಲೆ ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಹಿಡಿಯುವ ಆಕ್ಟೇವ್‌ಗಳು, ಕೊನೆಗೆ ಇಡೀ ತಂಡವೇ ಒಂದು ಗಿಟಾರಿನೊಳಗೆ ಕುಳಿತಂತಹ, ಹಲವು ಸ್ವರಗಳು ಒಟ್ಟಿಗೆ ಮೊಳಗುವ ಕಾರ್ಡ್‌ಗಳ ಸಾಲು. ವೆಸ್ ಈ ಮೂರು ಮೆಟ್ಟಿಲುಗಳಿಗೆ ಹೆಸರಾದವರು ಎಂದು ಓದಿದ್ದೆ. ಓದಿದ್ದು ಬೇರೆ, ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅವರು ಕಾಲಿಡುವುದು ಸುತ್ತಿನ ಸಮಕ್ಕೆ ಸರಿಯಾಗಿ ಎಂಬುದನ್ನು ತೊಡೆಯ ಮೇಲಿನ ಕೈಯಿಂದ ಅರಿತದ್ದು ಬೇರೆ. ಕಲ್ಪನಾಸ್ವರವನ್ನು ಚಿಕ್ಕದಾಗಿ ಆರಂಭಿಸಿ ಬೆಳೆಸುತ್ತ ಹೋಗುವ ವಿದ್ವಾಂಸರನ್ನು ಕೇಳಿದವರಿಗೆ ಈ ಏರಿಕೆ ಅಪರಿಚಿತವಲ್ಲ.

ಇಷ್ಟಾದ ಮೇಲೆಯೇ ವಾದ್ಯವನ್ನು ಕೈಗೆತ್ತಿಕೊಂಡೆ. ವೆಸ್ ತಂತಿ ಮೀಟುವ ಚಿಕ್ಕ ಬಿಲ್ಲೆಯಾದ ಪಿಕ್ ಬಳಸುತ್ತಿರಲಿಲ್ಲ. ಬಲ ಹೆಬ್ಬೆರಳಿನ ಮೆತ್ತನೆಯ ಭಾಗದಿಂದ, ಬಹುಮಟ್ಟಿಗೆ ಕೆಳಮುಖವಾಗಿಯೇ ಮೀಟುತ್ತಿದ್ದರು. ಇಂಡಿಯಾನಪೊಲಿಸ್‌ನಲ್ಲಿ ಹಗಲು ದುಡಿದು, ಮನೆಗೆ ಬಂದು ಅಭ್ಯಾಸ ಮಾಡುವಾಗ ಸದ್ದಿನಿಂದ ಇತರರಿಗೆ ತೊಂದರೆಯಾಗಬಾರದೆಂದು ಪಿಕ್ ಕೆಳಗಿಟ್ಟರು ಎಂಬುದು ಪ್ರಸಿದ್ಧವಾದ ಕಥೆ. ಹಿರಿಯ ಜಾಝ್ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರ ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿಯೇ ಕಲಿತ ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಇದನ್ನು ತಿಳಿದ ಮೇಲೆ ನಾನೂ ಅಚ್ಚಾದ ಸ್ವರಲಿಪಿಯ ಸಹವಾಸ ಬಿಟ್ಟು, ವೇಗವನ್ನು ಅರ್ಧಕ್ಕಿಳಿಸಿ, ಎರಡೆರಡು ಬಾರ್‌ಗಳನ್ನು ಹಾಡಿಕೊಂಡು ತಂತಿಯ ಮೇಲೆ ಹುಡುಕಿದೆ. ಹೆಬ್ಬೆರಳು ಮೂರನೆಯ ದಿನವೇ ಬೊಬ್ಬೆ ಬಂದು ವಾರಗಟ್ಟಲೆ ಕೆಲಸ ನಿಲ್ಲಿಸಿತು. ದುಡುಕಿದ್ದು ನನ್ನದೇ ತಪ್ಪು. ಆಮೇಲೆ ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಮೀಟಲಿಲ್ಲ.

ಆಕ್ಟೇವಿನ ಕಷ್ಟ ಎಡಗೈಯಲ್ಲಿದೆ ಎಂದುಕೊಂಡಿದ್ದೆ. ಆರನೆಯ ಅಥವಾ ಐದನೆಯ ತಂತಿಯಲ್ಲಿ ಕೆಳಗಿನ ಸ್ವರ ಹಿಡಿದರೆ ನಡುವೆ ಒಂದು ತಂತಿ ಬಿಟ್ಟು ಎರಡು ಫ್ರೆಟ್ (ಗಿಟಾರಿನ ಕುತ್ತಿಗೆಯ ಮೇಲಿನ ಮೆಟ್ಟು) ಮುಂದೆ ಮೇಲಿನ ಸ್ವರ ಸಿಗುತ್ತದೆ. ನಾಲ್ಕನೆಯ ಅಥವಾ ಮೂರನೆಯ ತಂತಿಗೆ ಬಂದಾಗ ಆ ಅಂತರ ಮೂರು ಫ್ರೆಟ್ ಆಗಿ ಬೆರಳು ಚಾಚಬೇಕಾಗುತ್ತದೆ. ಇದು ಅಭ್ಯಾಸದಿಂದ ಬಂತು. ಬಾರದೆ ಉಳಿದದ್ದು ನಡುವಿನ ತಂತಿಯ ಮೌನ. ಹೆಬ್ಬೆರಳು ಮೂರೂ ತಂತಿಗಳ ಮೇಲೆ ಹರಿದು ಹೋಗುವಾಗ, ತೋರುಬೆರಳಿನ ಬಾಗು ನಡುವಿನ ತಂತಿಯನ್ನು ಒತ್ತದೆ, ಬರಿದೆ ಮುಟ್ಟಿ ಸದ್ದಡಗಿಸಬೇಕು. ನನ್ನ ಕೈಯಲ್ಲಿ ಅದು ತಿಂಗಳುಗಳ ಕಾಲ ಗೊಣಗುತ್ತಲೇ ಇತ್ತು. ಆ ಗೊಣಗನ್ನು ಕೇಳಿ ಕೇಳಿ ಬೇಸತ್ತ ಮೇಲೆ ಧ್ವನಿಮುದ್ರಿಕೆಗೆ ಹಿಂದಿರುಗಿದರೆ, ಅಂತಹ ವೇಗದಲ್ಲಿಯೂ ವೆಸ್ ಅವರ ಆಕ್ಟೇವ್ ಎಷ್ಟು ಶುಚಿಯಾಗಿದೆ ಎಂಬುದು ಮೊದಲ ಬಾರಿಗೆ ಕೇಳಿಸಿತು.

ಅದೇ ಆಲ್ಬಮ್ಮಿನ ‘ಐವ್ ಗ್ರೋನ್ ಅಕಸ್ಟಮ್ಡ್ ಟು ಹರ್ ಫೇಸ್’ ಎಂಬ ಹಾಡು ‘ಬ್ಲೂ ಎನ್ ಬೂಗಿ’ಗೆ ತದ್ವಿರುದ್ಧ. ಸ್ಯಾಕ್ಸೊಫೋನ್ ಸುಮ್ಮನಿದ್ದು, ಗಿಟಾರ್ ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚು ಕಾಲ ಹಾಡನ್ನು ಕಾರ್ಡ್‌ಗಳಲ್ಲೇ ಹಾಡುತ್ತದೆ. ವಿಸ್ತಾರವಾದ ಸೋಲೊ ಇಲ್ಲ, ಕೈಚಳಕದ ಪ್ರದರ್ಶನವಿಲ್ಲ. ನಾನು ಇದನ್ನು ಬಹುಕಾಲ ಎರಡು ದೊಡ್ಡ ರಚನೆಗಳ ನಡುವಿನ ವಿರಾಮವೆಂದೇ ಬಗೆದಿದ್ದೆ. ಈಗ ಆಲ್ಬಮ್ಮಿನಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ. ಕಾರಣ ಹೆಬ್ಬೆರಳು: ಕಾರ್ಡಿನ ಸ್ವರಗಳು ಪಿಕ್ಕಿನಿಂದ ಹೊರಟಂತೆ ಗಡುಸಾಗಿ ಬಡಿಯದೆ ಒಂದರ ಹಿಂದೊಂದು ಜಾರಿ ಬರುತ್ತವೆ, ಮೇಲಿನ ಸ್ವರ ಕೊನೆಗೆ ಬಂದು ನಿಲ್ಲುತ್ತದೆ, ಹಾಗಾಗಿ ಹಾಡಿನ ಧಾಟಿ ಎಂದೂ ಮುಚ್ಚಿಹೋಗುವುದಿಲ್ಲ.

ಶೀರ್ಷಿಕೆಯ ರಚನೆ ವೆಸ್ ಅವರದೇ, ಮೂರರ ಎಣಿಕೆಯದು. ರೂಪಕ ತಾಳ ಹಾಕಿ ಕೇಳಲು ಹೋಗಿ ಇಲ್ಲಿ ಸೋತೆ. ಎಣಿಕೆ ಹೊಂದುತ್ತದೆ, ನಡೆ ಹೊಂದುವುದಿಲ್ಲ. ಕಾಬ್ ಅವರ ಸಿಂಬಲ್ ಪ್ರತಿ ಎಣಿಕೆಯನ್ನೂ ಸಮನಾಗಿ ಒಡೆಯದೆ ತುಸು ಓಲಾಡಿಸುತ್ತದೆ, ನನ್ನ ಕೈ ಮಾತ್ರ ಚೌಕವಾಗಿ ಬೀಳುತ್ತಿತ್ತು. ಕೈ ಬಿಟ್ಟು ಪಾದದಿಂದ ಮೊದಲ ಎಣಿಕೆಯನ್ನಷ್ಟೇ ತಟ್ಟಿದಾಗ ಸರಿಹೋಯಿತು. ಕೆಲ್ಲಿ, ಚೇಂಬರ್ಸ್, ಕಾಬ್ ಈ ಮೂವರೊಂದಿಗೇ ವೆಸ್ 1965ರಲ್ಲಿ ನ್ಯೂಯಾರ್ಕಿನಲ್ಲಿ ನುಡಿಸಿದ ‘ಸ್ಮೋಕಿನ್ ಅಟ್ ದ ಹಾಫ್ ನೋಟ್’ ಆಲ್ಬಮ್ಮನ್ನು ಹಲವರು ಇದಕ್ಕಿಂತ ಮೇಲೆಂದು ಎಣಿಸುತ್ತಾರೆ. ಅದರ ಮೂಲ ಎಲ್‌ಪಿಯಲ್ಲಿ ಕ್ಲಬ್ಬಿನ ಧ್ವನಿಮುದ್ರಣ ಎರಡು ರಚನೆಗಳದ್ದು ಮಾತ್ರ, ಉಳಿದವು ಸ್ಟುಡಿಯೋದಲ್ಲಿ ನುಡಿಸಿದವು. ನನ್ನ ಒಲವು ಇನ್ನೂ ಬರ್ಕ್ಲಿಯ ಆ ರಾತ್ರಿಯ ಕಡೆಗೇ ಇದೆ, ಗ್ರಿಫಿನ್ ಅವರ ಅವಸರದ ಸ್ಯಾಕ್ಸೊಫೋನಿನ ಪಕ್ಕದಲ್ಲಿ ಗಿಟಾರಿನ ನಿಧಾನ ಎದ್ದು ಕಾಣುತ್ತದೆಂಬ ಕಾರಣಕ್ಕೆ.

ಹಾಗೆಂದು ‘ಲೈವ್’ ಎಂಬ ಪದವನ್ನು ನಾನು ಈಗ ಮೊದಲಿನಷ್ಟು ಮುಗ್ಧವಾಗಿ ಓದುವುದಿಲ್ಲ. 2023ರಲ್ಲಿ ಆ ರಾತ್ರಿಯ ಟೇಪುಗಳ ಪೂರ್ಣ ಸಂಗ್ರಹ ಬಂದಾಗ, ಶೀರ್ಷಿಕೆಯ ರಚನೆಯಲ್ಲಿ ವೆಸ್ ಮೊದಲು ನುಡಿಸಿದ್ದ, ಆಮೇಲೆ ಕತ್ತರಿಸಿ ತೆಗೆದಿದ್ದ ಸೋಲೊ ಕೂಡ ಹೊರಬಂತು. ಅಂದರೆ ನಾನು ವರ್ಷಗಟ್ಟಲೆ ಸುತ್ತು ಸುತ್ತಾಗಿ ಎಣಿಸಿ ಬಾಯಿಪಾಠ ಮಾಡಿದ್ದು ಟೇಪಿನಲ್ಲಿ ಜೋಡಿಸಿದ ಭಾಗವನ್ನು. ಒಂದು ದಿನ ಮಂಕಾಗಿ ಕುಳಿತೆ, ಸುಳ್ಳೇಕೆ. ಮರುದಿನ ಅದೇ ಎರಡುಗೆರೆ ಪುಸ್ತಕದಲ್ಲಿ ಹೊಸ ಪುಟ ತೆಗೆದು ಹಳೆಯ ಸೋಲೊಗೆ ಗೆರೆ ಎಳೆಯತೊಡಗಿದೆ. ಪುಟ ಇನ್ನೂ ಅರ್ಧ ತುಂಬಿದೆ. ಪಾದ ಮಾತ್ರ ಈ ಬಾರಿ ಮೊದಲಿನಿಂದಲೇ ಸರಿಯಾಗಿ ಬೀಳುತ್ತಿದೆ.