ನಮ್ಮದೇ ಜಾಗದಲ್ಲಿ ಪಾರ್ಕಿಂಗ್ ಟಿಕೆಟ್ ಬಂದರೆ ಏನು ಮಾಡಬೇಕು: ಇಂಗ್ಲೆಂಡಿನಲ್ಲಿ ಮನೆ ಮಾಡಿರುವವರಿಗೆ

ಜನವರಿಯ ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದು, 27ನೇ ನಂಬರಿನ ನಮ್ಮ ಜಾಗದಲ್ಲಿ ಕಾರು ನಿಲ್ಲಿಸಿ, ಮೇಲೆ ಹೋಗಿ ಮಲಗಿದ್ದೆ. ಮಧ್ಯಾಹ್ನ ಮೂರಕ್ಕೆ ಮಗನನ್ನು ಶಾಲೆಯಿಂದ ಕರೆತರಲು ಇಳಿದರೆ ಗಾಜಿನ ಮೇಲೆ ಹಳದಿ ಪ್ಲಾಸ್ಟಿಕ್ ಲಕೋಟೆ. ಒಳಗೆ 100 ಪೌಂಡಿನ ಟಿಕೆಟ್; 14 ದಿನದೊಳಗೆ ಕಟ್ಟಿದರೆ 60. ಪರ್ಮಿಟ್ ಕಾಣುವಂತೆ ಇಟ್ಟಿಲ್ಲ ಎಂಬುದು ಕಾರಣ. ಪರ್ಮಿಟ್ ಕಾರಿನಲ್ಲೇ ಇತ್ತು. ಚಳಿಗೆ ಗಾಜಿನ ಒಳಮೈಯೆಲ್ಲ ಒದ್ದೆಯಾಗಿ, ಅಂಟು ಬಿಟ್ಟು, ಸೀಟಿನ ಕೆಳಗೆ ಬಿದ್ದಿತ್ತು. ಟಿಕೆಟ್ಟಿನಲ್ಲಿ ಬರೆದಿದ್ದ ಸಮಯ 11:12. ಆ ಹೊತ್ತಿಗೆ ನಾನು ಅದೇ ಕಾರಿನ ನೇರ ಮೇಲೆ, ಎರಡನೇ ಮಹಡಿಯಲ್ಲಿ, ನಿದ್ದೆಯಲ್ಲಿದ್ದೆ.

ಸಾಗರದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಲ್ಲ ಕಣೇ, ನಮ್ಮ ಅಂಗಳದಲ್ಲಿ ನಮ್ಮ ಗಾಡಿ ನಿಲ್ಲಿಸಕ್ಕೆ ಯಾರ ಅಪ್ಪಣೆ ಬೇಕೇ?" ಅಂದಳು. ಆಮೇಲೆ ಎರಡು ವಾರ ಕಾಗದಪತ್ರ ಓದಿ ನಾನು ತಿಳಿದುಕೊಂಡದ್ದೆಲ್ಲ ಕೊನೆಗೆ ಆ ಒಂದು ಪ್ರಶ್ನೆಗೇ ಬಂದು ನಿಂತಿತು. ಇಲ್ಲಿ ರೆಡಿಂಗ್‌ನಲ್ಲೂ ಸುತ್ತಮುತ್ತಲ ಊರುಗಳಲ್ಲೂ ಇರುವ ನಮ್ಮವರು ಒಬ್ಬರಾದ ಮೇಲೊಬ್ಬರು ಇದೇ ವಿಷಯ ಕೇಳುತ್ತಿರುವುದರಿಂದ, ನಾನು ಮಾಡಿದ್ದನ್ನು ಬರೆದಿಡುತ್ತಿದ್ದೇನೆ. ಇದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನು ಬೇರೆ.

ಮೊದಲು ಟಿಕೆಟ್ ಯಾರದು ನೋಡಿ. ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನವರು ಕೊಡುವುದು ಪೆನಾಲ್ಟಿ ಚಾರ್ಜ್ ನೋಟಿಸ್. ಖಾಸಗಿ ಕಂಪನಿ ಕೊಡುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಪಿಸಿಎನ್ ಅಂತಲೇ ಕರೆಯುತ್ತಾರೆ, ಬಣ್ಣ ವಿನ್ಯಾಸವೂ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು ಕಾನೂನಿನ ದಂಡ, ಎರಡನೆಯದು ಬರೀ ಬಿಲ್ಲು. ನೀವು ನಮ್ಮ ಜೊತೆ ಮಾಡಿಕೊಂಡ ಒಪ್ಪಂದ ಮುರಿದಿದ್ದೀರಿ, ಅದಕ್ಕೆ ಇಷ್ಟು ಕೊಡಿ ಎಂದು ಒಂದು ಕಂಪನಿ ಕೇಳುತ್ತಿದೆ, ಅಷ್ಟೇ. ಕೌನ್ಸಿಲ್ ಟಿಕೆಟ್ಟಿಗೆ ಮೇಲ್ಮನವಿಯ ದಾರಿ ಬೇರೆ. ಅದಕ್ಕೆ ಈ ಬರಹ ಉಪಯೋಗಕ್ಕೆ ಬರುವುದಿಲ್ಲ.

"ಅಕ್ಕಾ, ಇದು ಪೊಲೀಸ್ ರೆಕಾರ್ಡಿಗೆ ಹೋಗುತ್ತಾ?" ಎಂದು ಹೊಸದಾಗಿ ಬಂದ ಹುಡುಗರು ತುಂಬ ಹೆದರಿ ಕೇಳುತ್ತಾರೆ. ಇಲ್ಲ. ಖಾಸಗಿ ಪಾರ್ಕಿಂಗ್ ಚಾರ್ಜ್ ಅಪರಾಧವಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಜನ ಮರುಮಾತಿಲ್ಲದೆ 60 ಪೌಂಡ್ ಕಟ್ಟಿಬಿಡುತ್ತಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಇನ್ನು ನಿಜವಾದ ಕೆಲಸ. ಕಂಪನಿಗೆ ಒಂದಕ್ಷರ ಬರೆಯುವ ಮೊದಲು ನಿಮ್ಮ ಮನೆಯ ಕರಾರು ತೆಗೆದು ಓದಿ. ಬಾಡಿಗೆಗೆ ಇದ್ದರೆ ಟೆನೆನ್ಸಿ ಅಗ್ರಿಮೆಂಟ್; ಫ್ಲಾಟ್ ಕೊಂಡಿದ್ದರೆ ಲೀಸ್ (ಇಲ್ಲಿ ಫ್ಲಾಟ್ ಕೊಳ್ಳುವುದೆಂದರೆ ಸಾಮಾನ್ಯವಾಗಿ ದೀರ್ಘಾವಧಿಯ ಗುತ್ತಿಗೆ, ಅದರ ಕರಾರು). ನನ್ನ ಅಗ್ರಿಮೆಂಟಿನಲ್ಲಿ 'ಫ್ಲಾಟಿನ ಜೊತೆಗೆ 27ನೇ ಪಾರ್ಕಿಂಗ್ ಜಾಗ' ಎಂಬ ಒಂದು ಸಾಲು ಮಾತ್ರ ಇತ್ತು. ಪರ್ಮಿಟ್ ಎಂಬ ಪದವೇ ಇರಲಿಲ್ಲ. ಅಷ್ಟಕ್ಕೆ ನಿಲ್ಲದೆ ಮನೆ ಮಾಲೀಕರಿಗೆ ಮೆಸೇಜ್ ಹಾಕಿ ಅವರ ಮೂಲ ಲೀಸಿನ ಪ್ರತಿ ಕೇಳಿದೆ. ಬಾಡಿಗೆದಾರರಿಗೆ ಸಿಗುವ ಹಕ್ಕು ಆ ಲೀಸಿನಿಂದಲೇ ಇಳಿದು ಬರುವುದು. ಅವರು ನಾಲ್ಕು ದಿನ ಬಿಟ್ಟು ಸ್ಕ್ಯಾನ್ ಮಾಡಿ ಕಳಿಸಿದರು. ಮಾಲೀಕರು ಕೊಡದಿದ್ದರೆ ಎಚ್‌ಎಂ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿಯಾದ ಲೀಸಿನ ಪ್ರತಿಯನ್ನು ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ತರಿಸಿಕೊಳ್ಳಬಹುದು.

ಲೀಸ್ ಎಂದರೆ ನಲವತ್ತು ಪುಟ. ಎಲ್ಲ ಓದಬೇಕಿಲ್ಲ. ಮೊದಲು ಪಾರ್ಕಿಂಗ್ ಜಾಗದ ವ್ಯಾಖ್ಯೆ, ನಕ್ಷೆಯಲ್ಲಿ ಅದರ ಬಣ್ಣ. ಆಮೇಲೆ ಮನೆಯ ಜೊತೆಗೆ ಕೊಟ್ಟ ಹಕ್ಕುಗಳ ಪಟ್ಟಿ. ನಮ್ಮದರಲ್ಲಿ ಒಂದು ಖಾಸಗಿ ಕಾರು ನಿಲ್ಲಿಸುವ ಪ್ರತ್ಯೇಕ ಹಕ್ಕು ಎಂದು ಸ್ಪಷ್ಟವಾಗಿ ಇತ್ತು. ಕೊನೆಗೆ, ಮ್ಯಾನೇಜ್‌ಮೆಂಟ್ ಆಗಾಗ ಮಾಡುವ ನಿಯಮಗಳಿಗೆ ಒಳಪಟ್ಟು ಎಂಬ ಮಾತು ಎಲ್ಲಾದರೂ ಇದೆಯೇ ಎಂದು ಕಣ್ಣಿಟ್ಟು ಹುಡುಕಿ. ಈ ಒಂದು ಸಾಲು ಇದ್ದರೆ ನಿಮ್ಮ ವಾದ ಅಷ್ಟರಮಟ್ಟಿಗೆ ಬಡವಾಗುತ್ತದೆ. ಪರ್ಮಿಟ್ ಇಡಿ ಎಂಬುದೂ ಅಂಥ ನಿಯಮ ಎಂದು ಅವರು ಹೇಳಬಹುದು. ಆಗಲೂ, ನಿಯಮ ಮಾಡುವ ಅಧಿಕಾರ ಬೇರೆ, ಹೊರಗಿನ ಕಂಪನಿಗೆ 100 ಪೌಂಡ್ ಕೊಡಬೇಕೆಂದು ಹೇಳುವ ಅಧಿಕಾರ ಬೇರೆ ಎಂದು ವಾದಿಸಲು ಜಾಗವಿದೆ. ಆದರೆ ಗೆದ್ದೇ ಗೆಲ್ಲುತ್ತೇನೆ ಎಂದು ಕೂರಬೇಡಿ.

ನಮ್ಮಲ್ಲಿ ಆ ಸಾಲು ಇರಲಿಲ್ಲ. ರೈಲ್ವೆ ಸ್ಟೇಷನ್ನಿಗೆ ಹೋಗುವವರು ಗಾಡಿ ಬಿಟ್ಟು ಹೋಗುತ್ತಾರೆಂದು ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟರು ಪಾರ್ಕಿಂಗ್ ಕಂಪನಿಯನ್ನು ತಂದದ್ದು, ಕಂಬಗಳಿಗೆ ಫಲಕ ಹೊಡೆದದ್ದು, ಮನೆಮನೆಗೆ ಪರ್ಮಿಟ್ ಹಂಚಿದ್ದು, ಎಲ್ಲವೂ ಲೀಸ್ ಆಗಿ ಎಷ್ಟೋ ವರ್ಷದ ಮೇಲೆ. ಹೊರಗಿನವರನ್ನು ತಡೆಯಲು ತಂದವರು ಮನೆಯವರಿಗೇ ಚೀಟಿ ಅಂಟಿಸತೊಡಗಿದರು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಕಂಪನಿಯ ಫಲಕ ಕಾನೂನಿನ ದೃಷ್ಟಿಯಲ್ಲಿ ಒಂದು ಆಹ್ವಾನ: ಈ ಷರತ್ತುಗಳಿಗೆ ಒಪ್ಪಿ ಇಲ್ಲಿ ನಿಲ್ಲಿಸಿ, ಮುರಿದರೆ 100 ಪೌಂಡ್. ನಿಲ್ಲಿಸುವ ಹಕ್ಕೇ ಇಲ್ಲದವರಿಗೆ ಅದು ಏನನ್ನೋ ಕೊಡುತ್ತದೆ. ನನಗೆ ಏನು ಕೊಡುತ್ತದೆ? ಆ ಜಾಗ ಬಾಡಿಗೆಯೊಂದಿಗೆ ಮೊದಲೇ ನನಗೆ ಬಂದಿದೆ. ನನ್ನ ಹಿತ್ತಲ ತೆಂಗಿನಕಾಯಿಯನ್ನು ನನಗೇ ಮಾರಲು ಬಂದರೆ ವ್ಯಾಪಾರ ಕುದುರುವುದು ಹೇಗೆ? ಒಪ್ಪಂದವೇ ಆಗದ ಮೇಲೆ ಮುರಿಯುವ ಮಾತೆಲ್ಲಿ? ಮೊದಲೇ ಇರುವ ಲೀಸಿನ ಹಕ್ಕನ್ನು ಆಮೇಲೆ ಬಂದ ಮೂರನೆಯವರು ಒಂದು ಫಲಕದಿಂದ ಕಿತ್ತುಕೊಳ್ಳಲಾಗದು.

ಇದಕ್ಕೆ ಕೋರ್ಟಿನ ಆಧಾರವೂ ಇದೆ. ಜಾಪ್ಸನ್ ವಿರುದ್ಧ ಹೋಮ್‌ಗಾರ್ಡ್ ಸರ್ವಿಸಸ್ ಎಂಬುದು 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಿನಲ್ಲಿ ಮೇಲ್ಮನವಿಯಾಗಿ ತೀರ್ಮಾನವಾದ ಕೇಸು. ಫ್ಲಾಟಿನ ನಿವಾಸಿಯೊಬ್ಬರು ಮೇಜು ಇಳಿಸಿಕೊಳ್ಳಲು ಬಾಗಿಲ ಬಳಿ ಸ್ವಲ್ಪ ಹೊತ್ತು ಕಾರು ನಿಲ್ಲಿಸಿದ್ದರು. ಲೀಸ್ ಕೊಟ್ಟ ಹಕ್ಕಿನ ಮೇಲೆ ಪಾರ್ಕಿಂಗ್ ಕಂಪನಿಯ ಷರತ್ತು ನಡೆಯದು, ಸಾಮಾನು ಇಳಿಸಲು ನಿಲ್ಲಿಸುವುದು ಪಾರ್ಕಿಂಗ್ ಅಲ್ಲ ಎಂದು ನ್ಯಾಯಾಧೀಶರು ಹೇಳಿದರು. ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುವ ತೀರ್ಪಲ್ಲ, ಆದರೆ ತೂಕವಿದೆ.

ಕಂಪನಿಯವರು ತಪ್ಪದೆ ಎತ್ತುವುದು 2015ರ ಪಾರ್ಕಿಂಗ್‌ಐ ವಿರುದ್ಧ ಬೀವಿಸ್ ತೀರ್ಪನ್ನು. ಅದು ಸುಪ್ರೀಂ ಕೋರ್ಟಿನದು. ಹೆದರಿಸಲು ಹೆಸರೇ ಸಾಕು. ಆದರೆ ಅದು ಚೆಲ್ಮ್ಸ್‌ಫರ್ಡಿನ ಅಂಗಡಿಗಳ ಕಾರ್ ಪಾರ್ಕಿನ ಕಥೆ. ಎರಡು ಗಂಟೆ ಉಚಿತ, ಅದರ ಮೇಲೆ 56 ನಿಮಿಷ ಹೆಚ್ಚು ನಿಂತದ್ದಕ್ಕೆ 85 ಪೌಂಡ್. ಬರುವ ಗಿರಾಕಿಗಳಿಗೆ ಜಾಗ ಖಾಲಿಯಾಗುತ್ತಿರಲಿ ಎಂಬುದು ನ್ಯಾಯವಾದ ಉದ್ದೇಶ ಎಂದು ಕೋರ್ಟು ಒಪ್ಪಿತು. ನನ್ನ 27ನೇ ಜಾಗ ಯಾವ ಗಿರಾಕಿಗಾಗಿ ಖಾಲಿಯಾಗಬೇಕು? ಈ ವ್ಯತ್ಯಾಸವನ್ನು ಪತ್ರದಲ್ಲಿ ನೀವೇ ಮೊದಲು ಹೇಳಿಬಿಡಿ.

ಕರಾರು ಕೈಯಲ್ಲಿ ಹಿಡಿದು ಮೊದಲು ಮ್ಯಾನೇಜಿಂಗ್ ಏಜೆಂಟರಿಗೆ ಇಮೇಲ್ ಮಾಡಿ, ಮಾಲೀಕರಿಂದಲೂ ಮಾಡಿಸಿ. ಕಂಪನಿಯನ್ನು ಕರೆತಂದವರು ಅವರು. ರದ್ದು ಮಾಡಿಸಲು ಒಂದು ಫೋನ್ ಸಾಕು. ನಮ್ಮ ಏಜೆಂಟರು ಅದು ತಮ್ಮ ಕೈಯಲ್ಲಿಲ್ಲ ಅಂದರು. ಆ ಉತ್ತರವನ್ನೂ ಇಟ್ಟುಕೊಂಡೆ.

ಆಮೇಲೆ ಕಂಪನಿಗೆ ಮೇಲ್ಮನವಿ, 28 ದಿನದೊಳಗೆ. ಬರೆಯುವಾಗ ಕಾರಿನ ನೋಂದಾಯಿತ ಕೀಪರ್ (ನೋಂದಣಿ ದಾಖಲೆಯಲ್ಲಿ ಹೆಸರಿರುವವರು) ಆಗಿ ಬರೆಯಿರಿ. ಓಡಿಸಿದವರು ಯಾರೆಂದು ಖಾಸಗಿ ಕಂಪನಿಗೆ ಹೇಳಲೇಬೇಕೆಂಬ ಕಾನೂನಿಲ್ಲ. ಸುಳ್ಳು ಮಾತ್ರ ಹೇಳಬೇಡಿ. ನಾನು ನಿಲ್ಲಿಸಿದೆ ಎಂದು ಬರೆಯುವ ಬದಲು ಕಾರು ನಿಂತಿತ್ತು ಎಂದು ಬರೆದರೆ ಸಾಕು. ಇದಕ್ಕೆ ಕಾರಣವಿದೆ. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಕ್ಲ್ಯಾಂಪ್ ಹಾಕುವುದನ್ನು ನಿಲ್ಲಿಸಿದ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆ್ಯಕ್ಟ್, ಕೀಪರ್‌ನಿಂದ ಹಣ ಕೇಳುವ ದಾರಿಯನ್ನೂ ತೆರೆಯಿತು, ಆದರೆ ಷರತ್ತು ಹಾಕಿ. ಗಾಜಿನ ಮೇಲೆ ಟಿಕೆಟ್ ಇಟ್ಟಿದ್ದರೆ ಕೀಪರ್‌ಗೆ ನೋಟಿಸ್ ಮೊದಲ 28 ದಿನ ಕಳೆದ ಮೇಲಿನ 28 ದಿನಗಳಲ್ಲಿ ತಲುಪಬೇಕು. ಕ್ಯಾಮೆರಾ ನೋಡಿ ಅಂಚೆಯಲ್ಲಿ ಕಳಿಸಿದ್ದಾದರೆ 14 ದಿನದೊಳಗೆ ತಲುಪಬೇಕು. ತಪ್ಪಿದರೆ ಕೀಪರ್ ಹೊಣೆಯಲ್ಲ. ವಾಹನ ನೋಂದಣಿ ಇಲಾಖೆಯಾದ ಡಿವಿಎಲ್‌ಎ ನಿಮ್ಮ ವಿಳಾಸವನ್ನು ಪಾರ್ಕಿಂಗ್ ಕಂಪನಿಗೆ 2.50 ಪೌಂಡಿಗೆ ಕೊಡುತ್ತದೆ. ಹಾಗಾಗಿ ಬಂದ ಪ್ರತಿ ಲಕೋಟೆಯ ಮೇಲೂ ಅದು ಕೈಸೇರಿದ ತಾರೀಖು ಬರೆದಿಡಿ.

ನನ್ನ ಪತ್ರ ಒಂದು ಪುಟ. ಕಾರು ನಿಂತದ್ದು 27ನೇ ಜಾಗದಲ್ಲಿ. ಆ ಜಾಗ ಲೀಸಿನ ಇಂಥ ಕಲಮಿನ ಪ್ರಕಾರ ಈ ಫ್ಲಾಟಿನದು. ಲೀಸಿನಲ್ಲಾಗಲಿ ಅಗ್ರಿಮೆಂಟಿನಲ್ಲಾಗಲಿ ಪರ್ಮಿಟ್ ಇಡುವ ಅಥವಾ ನಿಮಗೆ ಹಣ ಕೊಡುವ ಮಾತಿಲ್ಲ. ನಿಮ್ಮ ಜೊತೆ ಯಾವ ಒಪ್ಪಂದವೂ ಆಗಿಲ್ಲ. ಈ ಜಾಗದಲ್ಲಿ ಚಾರ್ಜ್ ಹಾಕಲು ಭೂಮಾಲೀಕರು ನಿಮಗೆ ಕೊಟ್ಟ ಲಿಖಿತ ಅಧಿಕಾರ ತೋರಿಸಿ. ಇಲ್ಲವಾದರೆ ರದ್ದು ಮಾಡಿ. ಜೊತೆಗೆ ಸಂಬಂಧಪಟ್ಟ ಪುಟಗಳು, ನಕ್ಷೆ, ಜಾಗದ ಫೋಟೋ. ನೈಟ್ ಡ್ಯೂಟಿಯ ಸುಸ್ತು, ಅಂಟು ಬಿಟ್ಟ ಪರ್ಮಿಟ್, ಮಗ, ಶಾಲೆ ಯಾವುದನ್ನೂ ಬರೆಯಲಿಲ್ಲ. ಮೊದಲ ಕರಡಿನಲ್ಲಿ ಎಲ್ಲ ಇತ್ತು. ಓದಿ ನೋಡಿದರೆ ಕ್ಷಮೆ ಕೇಳಿದ ಹಾಗಿತ್ತು. ಹರಿದು ಹಾಕಿದೆ.

ಹತ್ತು ದಿನಕ್ಕೆ ತಿರಸ್ಕಾರ ಬಂತು. ಲೀಸಿನ ಬಗ್ಗೆ ಒಂದು ಮಾತಿಲ್ಲ. ಫಲಕಗಳು ಸ್ಪಷ್ಟವಾಗಿವೆ ಎಂಬ ಅಚ್ಚು ಮಾಡಿಟ್ಟ ಉತ್ತರ. ಇಲ್ಲಿ ಎದೆಗುಂದಬೇಡಿ. ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯನಾಗಿದ್ದರೆ ಆ ಪತ್ರದಲ್ಲಿ ಪಾಪ್ಲಾ ಎಂಬ ಸ್ವತಂತ್ರ ಮೇಲ್ಮನವಿ ಸಂಸ್ಥೆಗೆ ಹೋಗಲು ಬೇಕಾದ ಕೋಡ್ ಇರುತ್ತದೆ. ಪಾಪ್ಲಾ ಉಚಿತ, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಅಲ್ಲಿಗೆ ಹೋದರೆ 60ರ ರಿಯಾಯಿತಿ ಹೋಗುತ್ತದೆ, ಅದು ತಿಳಿದಿರಲಿ. ಅದೇ ವಾದವನ್ನು ತಲೆಬರಹ ಕೊಟ್ಟು ವಿಂಗಡಿಸಿ ಹಾಕಿದೆ. ಕಂಪನಿ ತನ್ನ ಸಾಕ್ಷ್ಯ ಕಳಿಸಿದ ಮೇಲೆ ಟಿಪ್ಪಣಿ ಮಾಡಲು ಕೆಲವೇ ದಿನ ಕೊಡುತ್ತಾರೆ. ಆ ಇಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು, ನೋಡುತ್ತಿರಿ. ಅವರು ಭೂಮಾಲೀಕರ ಒಪ್ಪಂದದ ಪ್ರತಿ ಕಳಿಸಿರಲೇ ಇಲ್ಲ. ಅದನ್ನೇ ಎರಡು ಸಾಲಿನಲ್ಲಿ ಬರೆದೆ. ಟಿಕೆಟ್ ರದ್ದಾಯಿತು.

ಮಿಲ್ಟನ್ ಕೀನ್ಸಿನಲ್ಲಿರುವ ಹುಬ್ಬಳ್ಳಿಯ ಗೆಳತಿಗೆ ದಾರಿ ಇಷ್ಟು ಸಲೀಸಾಗಲಿಲ್ಲ. ಅವಳಿಗೆ ಟಿಕೆಟ್ ಕೊಟ್ಟ ಕಂಪನಿ ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ ಎಂಬ ಇನ್ನೊಂದು ಸಂಘದ್ದು. ಅಲ್ಲಿ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್‌ಗೆ ಹೋಗಬೇಕು. ಅವಳು ಅಲ್ಲಿ ಸೋತಳು. ಆಮೇಲೆ ಸಾಲ ವಸೂಲಿಯವರ ಕೆಂಪಕ್ಷರದ ಪತ್ರಗಳು, 100 ಇದ್ದದ್ದು 170. ಈ ವಸೂಲಿಯವರು ಬೇಲಿಫ್‌ಗಳಲ್ಲ. ಮನೆಗೆ ಬಂದು ಸಾಮಾನು ಎತ್ತುವ ಅಧಿಕಾರ ಅವರಿಗಿಲ್ಲ. ಆ ಪತ್ರಗಳನ್ನು ಫೈಲಿಗೆ ಹಾಕಿ ಸುಮ್ಮನಿದ್ದಳು.

ಸುಮ್ಮನಿರಬಾರದ್ದು 'ಲೆಟರ್ ಬಿಫೋರ್ ಕ್ಲೇಮ್', ಅಂದರೆ ಕೋರ್ಟಿಗೆ ಹೋಗುವ ಮೊದಲಿನ ಎಚ್ಚರಿಕೆ ಪತ್ರ ಬಂದಾಗ. ಅದಕ್ಕೆ ಉತ್ತರಿಸಲು 30 ದಿನ ಇರುತ್ತದೆ. ಲೀಸಿನ ಪುಟಗಳನ್ನು ಇಟ್ಟು ಉತ್ತರಿಸಿ. ಮುಂದೆ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್ ಬಂದರೆ ಅದರ ಮೇಲಿನ ಇಶ್ಯೂ ತಾರೀಖಿಗೆ ಐದು ದಿನ ಸೇರಿಸಿ. ಅಲ್ಲಿಂದ 14 ದಿನದೊಳಗೆ ಅಕ್ನಾಲೆಜ್‌ಮೆಂಟ್ (ಫಾರ್ಮ್ ಬಂದಿದೆ ಎಂಬ ತಿಳಿವಳಿಕೆ) ಸಲ್ಲಿಸಿದರೆ ಡಿಫೆನ್ಸ್, ಅಂದರೆ ನಿಮ್ಮ ಪ್ರತಿವಾದ, ಹಾಕಲು ಒಟ್ಟು 28 ದಿನ ಸಿಗುತ್ತದೆ. ಎರಡನ್ನೂ ಆನ್‌ಲೈನ್‌ನಲ್ಲೇ ಮಾಡಬಹುದು. 2024ರ ಮೇ ತಿಂಗಳಿಂದ ಇಂಥ ಸಣ್ಣ ಕ್ಲೇಮುಗಳಲ್ಲಿ ಫೋನಿನಲ್ಲಿ ಒಂದು ಗಂಟೆಯ ಉಚಿತ ಮಧ್ಯಸ್ಥಿಕೆ ಕಡ್ಡಾಯ. ಹಾಜರಾಗಲೇಬೇಕು, ಹಣ ಕೊಡಲು ಒಪ್ಪಲೇಬೇಕೆಂದಿಲ್ಲ. ಗೆಳತಿ ಸೊನ್ನೆ ಪೌಂಡ್ ಎಂದಳು. ವಿಚಾರಣೆಗೆ ಮೂರು ವಾರ ಇದೆ ಎನ್ನುವಾಗ ಕಂಪನಿ ಕ್ಲೇಮ್ ಹಿಂತೆಗೆದುಕೊಂಡಿತು.

ಸೋತಿದ್ದರೆ ಎಷ್ಟು? ಕೇಳಿದ ಮೊತ್ತ, 35 ಪೌಂಡ್ ಕೋರ್ಟ್ ಶುಲ್ಕ, 50 ಪೌಂಡ್ ಸಾಲಿಸಿಟರ್ ವೆಚ್ಚ. ಬಡ್ಡಿ, ವಿಚಾರಣೆಯ ಶುಲ್ಕವೂ ಸೇರಬಹುದು. ತೀರ್ಪಾದ ಒಂದು ತಿಂಗಳೊಳಗೆ ಕಟ್ಟಿದರೆ ಸಿಸಿಜೆ (ಕೌಂಟಿ ಕೋರ್ಟಿನ ತೀರ್ಪು) ದಾಖಲೆಯಿಂದ ಅಳಿಸುತ್ತದೆ. ಉತ್ತರಿಸದೆ, ಕಟ್ಟದೆ ಬಿಟ್ಟರೆ ಆರು ವರ್ಷ ನಿಲ್ಲುತ್ತದೆ, ಮನೆ ಸಾಲಕ್ಕೆ ಕಲ್ಲು ಹಾಕುತ್ತದೆ.

ನಿಮ್ಮ ಗಾಡಿ ವಿಸಿಟರ್ ಜಾಗದಲ್ಲೋ ಪಕ್ಕದ ಮನೆಯವರ ಜಾಗದಲ್ಲೋ ಅಗ್ನಿಶಾಮಕ ದಾರಿಯಲ್ಲೋ ನಿಂತಿದ್ದರೆ ಈ ವಾದ ನಿಮಗಲ್ಲ. ಸೂಚನೆ, ಗಡುವು, ಫಲಕದಲ್ಲಿ ದೋಷವಿಲ್ಲದಿದ್ದರೆ 60 ಕಟ್ಟಿ ಮುಗಿಸುವುದೇ ಲೇಸು.

ಪರ್ಮಿಟನ್ನು ನಾನು ಈಗಲೂ ಗಾಜಿಗೆ ಅಂಟಿಸುತ್ತೇನೆ. ಆದರೆ ಮ್ಯಾನೇಜಿಂಗ್ ಏಜೆಂಟರಿಗೆ ಬರೆದು ತಿಳಿಸಿದ್ದೇನೆ: ಇದು ನಿಮ್ಮ ಅನುಕೂಲಕ್ಕೆ, ಕಂಪನಿಯ ಷರತ್ತಿಗೆ ಒಪ್ಪಿಗೆಯೆಂದಲ್ಲ.

ಇನ್ನೊಂದು. ಮನೆ ಬದಲಾಯಿಸಿದ ಮೇಲೆ ಕಾರಿನ ನೋಂದಣಿ ಪತ್ರವಾದ ವಿ5ಸಿಯಲ್ಲಿ ಹಳೆ ವಿಳಾಸವೇ ಉಳಿದಿರುವವರು ನಮ್ಮಲ್ಲಿ ತುಂಬ ಜನ. ಕ್ಲೇಮ್ ಫಾರ್ಮ್ ಹಳೆ ಮನೆಗೆ ಹೋಗಿ, ನಿಮಗೆ ಗೊತ್ತೇ ಆಗದೆ ತೀರ್ಪಾಗಿರುತ್ತದೆ. ಬದಲಾವಣೆ ಆನ್‌ಲೈನ್‌ನಲ್ಲೇ ಆಗುತ್ತದೆ, ದುಡ್ಡಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಆ ಕಾಗದ ತೆಗೆದು ನೋಡಿ.